ತಾಯಿ ಚಿಟ್ಟೆ ನೋಡಿದ ಭಾನುವಾರ

1982ರ ಆಗಸ್ಟ್ 8, ಭಾನುವಾರ, ಬೆಳಗ್ಗೆ ಏಳು ಗಂಟೆ. ಸ್ಥಳ, ಕೋಲಾರದ ನಮ್ಮ ಮನೆಯ ಹಿತ್ತಿಲ ಕೋಣೆ. ಹಾಜರಿದ್ದವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ.

ಇವು ಊರುಗಳಲ್ಲ, ನಾವು ನಾಲ್ವರು. ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ರೇಷ್ಮೆ ಪ್ರಯೋಗಾಲಯದಲ್ಲಿ ಪೋಸ್ಟ್ ಡಾಕ್ಟರಲ್ ಫೆಲೋಗಳಾಗಿದ್ದಾಗ ನಮ್ಮ ಪ್ರಾಧ್ಯಾಪಕರು ನಮ್ಮನ್ನು ಊರಿನ ಹೆಸರಿನಿಂದಲೇ ಕೂಗುತ್ತಿದ್ದರು. ಅದೇ ಅಭ್ಯಾಸ ನಮ್ಮ ನಮ್ಮಲ್ಲೂ ಉಳಿದುಬಿಟ್ಟಿತು. ಕೋಲಾರ ಎಂದರೆ ನಾನು. ಉಳಿದ ಮೂವರೂ ಗಂಡಸರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅವರು ನನ್ನನ್ನು ಊರಿನ ಹೆಸರಿನಿಂದ ಕರೆಯಲು ಸಂಕೋಚಪಟ್ಟು ಅಕ್ಕ ಎನ್ನುತ್ತಿದ್ದರು.

ಯಾವ ಕೆಲಸದ ಬಗ್ಗೆ ಬರೆದರೂ ದಿನಾಂಕ, ವೇಳೆ, ಹಾಜರಿದ್ದವರು ಎಂದು ಶುರುಮಾಡಬೇಕು, ಆ ದಿನದ ಕೊನೆಯ ಕೆಲಸ ಮುಗಿದ ಕಡೆ ನಿಲ್ಲಿಸಬೇಕು. ಇದು ಪ್ರಾಧ್ಯಾಪಕರು ಕಲಿಸಿದ ಕ್ರಮ. ನಡುವೆ ಅಭಿಪ್ರಾಯ ತುರುಕಬಾರದು ಎಂದೂ ಹೇಳಿದ್ದರು. ಮೊದಲಿನ ಎರಡನ್ನು ಇವತ್ತಿಗೂ ಪಾಲಿಸುತ್ತೇನೆ.

ಆ ಭಾನುವಾರ ಆಗಬೇಕಿದ್ದ ಕೆಲಸ ಒಂದೇ. ಮುಳಬಾಗಿಲಿನವನು ಸಾಕಿದ ರೇಷ್ಮೆ ಹುಳುಗಳು ಗೂಡು ಕಟ್ಟಿ, ಗೂಡಿನಿಂದ ಚಿಟ್ಟೆಗಳು ಹೊರಬಂದು, ಮೊಟ್ಟೆ ಇಟ್ಟಿದ್ದವು. ಮೊಟ್ಟೆ ಇಟ್ಟ ಪ್ರತಿ ತಾಯಿ ಚಿಟ್ಟೆಯನ್ನೂ ಅರೆದು ಮೈಕ್ರೋಸ್ಕೋಪಿನ ಕೆಳಗೆ ನೋಡಬೇಕಿತ್ತು. ಗಂಟುರೋಗ ಎಂಬುದೊಂದಿದೆ. ಅದು ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆಯನ್ನು ಎಷ್ಟು ಹೊತ್ತು ನೋಡಿದರೂ ಏನೂ ಗೊತ್ತಾಗುವುದಿಲ್ಲ, ತಾಯಿಯನ್ನೇ ನೋಡಬೇಕು. ತಾಯಂದಿರೆಲ್ಲ ಶುದ್ಧವಾಗಿದ್ದರೆ ಮುಳಬಾಗಿಲಿನವನು ಆ ಮೊಟ್ಟೆಗಳನ್ನು ತೆಗೆದುಕೊಂಡು ಗುರುವಾರ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಸಂದರ್ಶನ. ನಿಂತುಹೋಗಿದ್ದ ನಮ್ಮ ರೇಷ್ಮೆ ಯೋಜನೆ ಮತ್ತೆ ತೆರೆಯುತ್ತಿತ್ತು, ಅದಕ್ಕೆ ಒಬ್ಬ ಸಂಶೋಧನಾಧಿಕಾರಿ ಬೇಕಿತ್ತು. ವಿಭಾಗದ ಹೊಸ ಮುಖ್ಯಸ್ಥರು ಅವನಿಗೆ ಮುಖತಃ ಹೇಳಿದ್ದರು: ನಿಮ್ಮ ಹತ್ತಿರ ಆ ಹಳೆಯ ತಳಿ ಇನ್ನೂ ಜೀವಂತವಾಗಿದ್ದರೆ ತನ್ನಿ, ತಳಿ ತಂದವರಿಗೆ ಕೆಲಸ ಕೊಡಲು ನನಗೆ ಕಾರಣ ಸಿಗುತ್ತದೆ. ವಯಸ್ಸಿನ ಮಿತಿ ಅವನಿಗೆ ಆ ವರ್ಷಕ್ಕೆ ಮುಗಿಯುತ್ತಿತ್ತು.

ಪೋಸ್ಟ್ ಡಾಕ್ಟರಲ್ ಫೆಲೋ ಎಂದರೇನು ಎಂದು ನಮ್ಮ ಅತ್ತೆ ಒಮ್ಮೆ ಕೇಳಿದ್ದರು. ಓದು ಮುಗಿದಿದೆ, ಕೆಲಸ ಸಿಕ್ಕಿಲ್ಲ, ನಡುವೆ ಇದ್ದೀವಿ ಎಂದಿದ್ದೆ. "ಹಂಗಾದ್ರೆ ಬಸ್ ಸ್ಟ್ಯಾಂಡು ಅನ್ನು," ಎಂದಿದ್ದರು. ಬಸ್ ಸ್ಟ್ಯಾಂಡಿನಲ್ಲಾದರೂ ಯಾವ ಬಸ್ಸು ಎಲ್ಲಿಗೆ ಎಂದು ಬೋರ್ಡು ಇರುತ್ತದೆ. ನಮಗೆ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಲ್ಲಿ, ಇನ್ನೊಂದು ವರ್ಷ ಮುಂದುವರಿಸಲಾಗಿದೆ ಎಂಬ ಒಂದು ಸಾಲಿನ ಆದೇಶ ಬರುತ್ತಿತ್ತು. ಎಪ್ಪತ್ತರ ದಶಕದ ನಡುವಿನ ಒಂದು ಮಾರ್ಚಿನಲ್ಲಿ ಬರಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕೋಣೆಗೆ ಬೇರೆ ವಿಭಾಗದ ಬೀರುಗಳು ಬಂದು ಕುಳಿತವು.

ಆಗ ನಮ್ಮ ಕೈಯಲ್ಲಿ ಒಂದು ತಳಿ ಇತ್ತು. ನಮ್ಮ ಕಡೆಯ ನಾಟಿ ಹುಳುವನ್ನೇ ಆರಿಸಿ ಆರಿಸಿ, ಬೇಸಿಗೆಯ ಕಾವಿಗೂ ಬೀಳದಂತೆ ಮಾಡಿದ ತಳಿ. ಗೂಡು ಚಿಕ್ಕದು, ತೆಳು ಹಸಿರು ಬಣ್ಣ, ನೋಡಲು ಚೆಂದವೇನಲ್ಲ. ಈ ಜಾತಿಯ ಮೊಟ್ಟೆಯನ್ನು ತಣ್ಣಗಿಟ್ಟು ವರ್ಷಗಟ್ಟಲೆ ಕಾಯಿಸಲಾಗುವುದಿಲ್ಲ. ಒಂದು ತಲೆಮಾರು ಮುಗಿದರೆ ಇನ್ನೊಂದನ್ನು ಸಾಕಲೇಬೇಕು. ಸಾಕುವುದು ಬಿಟ್ಟ ದಿನ ತಳಿ ಸತ್ತಂತೆ. ಪ್ರಾಧ್ಯಾಪಕರು ನಿವೃತ್ತರಾಗುವ ದಿನ ನಮ್ಮನ್ನು ಕೂಡಿಸಿಕೊಂಡು, "ನೀವು ನಾಲ್ಕು ಜನ ಒಂದೇ ಜಿಲ್ಲೆಯವರು. ನಿಮ್ಮಲ್ಲಿ ಹಿಪ್ಪುನೇರಳೆ ಬೆಳೆಯದ ಊರಿಲ್ಲ. ಯೋಜನೆ ಮತ್ತೆ ಬರುತ್ತೆ. ಹುಳ ಬಿಡಬೇಡಿ," ಎಂದರು.

ನಾವು ಬಿಡಲಿಲ್ಲ. ಒಂದು ತಲೆಮಾರು ಕೋಲಾರದಲ್ಲಿ, ಮುಂದಿನದು ಮಾಲೂರಿನಲ್ಲಿ, ಆಮೇಲೆ ಮುಳಬಾಗಿಲು, ಆಮೇಲೆ ಶ್ರೀನಿವಾಸಪುರ. ಹೀಗೆ ಸರದಿ. ಮೈಕ್ರೋಸ್ಕೋಪು ಇದ್ದದ್ದು ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಮಾತ್ರ. ಶನಿವಾರ ಸಂಜೆ ಒಯ್ದು ಸೋಮವಾರ ಬೆಳಗ್ಗೆ ಗಂಟೆ ಹೊಡೆಯುವ ಮೊದಲು ಹಿಂದಿಡಲು ಪ್ರಿನ್ಸಿಪಾಲರ ಒಪ್ಪಿಗೆ ಇತ್ತು. ಆದ್ದರಿಂದ ಯಾರ ಮನೆಯಲ್ಲಿ ಸಾಕಿದರೂ ತಾಯಿ ಚಿಟ್ಟೆ ನೋಡಲು ನಮ್ಮ ಮನೆಗೇ ಬರಬೇಕಿತ್ತು.

ಪ್ರಯೋಗಾಲಯದ ನಿಯಮಗಳನ್ನು ಹಾಗೆಯೇ ಇಟ್ಟುಕೊಂಡಿದ್ದೆವು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆಯಲ್ಲಿ ಕಾಲು ಅದ್ದಿ ಒಳಗೆ ಬರಬೇಕು. ಹುಳು ಸಾಕಿದವರು ಮೈಕ್ರೋಸ್ಕೋಪು ನೋಡಕೂಡದು, ಬೇರೆಯವರು ನೋಡಬೇಕು. ಸಾಕಿದವನ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎಂದು ಪ್ರಾಧ್ಯಾಪಕರು ಹೇಳುತ್ತಿದ್ದರು. ಒಂದು ತಾಯಿಯಲ್ಲಿ ರೋಗದ ಕಣ ಕಂಡರೂ ಆ ತಲೆಮಾರಿನ ಮೊಟ್ಟೆಯೆಲ್ಲ ಬೆಂಕಿಗೆ, ಮತ್ತು ಬೆಂಕಿ ಹಚ್ಚಬೇಕಾದವನು ಸಾಕಿದವನೇ. ಬೇರೆ ತಳಿಯೊಂದಿಗೆ ಬೆರೆಯದಿರಲೆಂದು ತಳಿ ಒಂದು ಹೊತ್ತಿಗೆ ಒಂದೇ ಮನೆಯಲ್ಲಿರಬೇಕು ಎನ್ನುವುದನ್ನೂ ನಾವೇ ಸೇರಿಸಿಕೊಂಡಿದ್ದೆವು. ಪ್ರಯೋಗಾಲಯದಲ್ಲಿ ಪಕ್ಕದ ಕೋಣೆಯಲ್ಲಿ ಇನ್ನೊಂದು ಪಾಲು ಇರುತ್ತಿತ್ತು. ನಮ್ಮ ಯಾರ ಮನೆಯಲ್ಲೂ ಪಕ್ಕದ ಕೋಣೆ ಎಂಬುದು ಇರಲಿಲ್ಲ.

ಪ್ರಾಧ್ಯಾಪಕರು ತೀರಿಕೊಂಡರು. ನಾವು ಸರದಿ ಮುಂದುವರಿಸಿದೆವು.

ಈ ನಡುವೆ ಹೊಟ್ಟೆಪಾಡು ನಡೆಯಬೇಕಲ್ಲ. ನಾನು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಜಿರಲೆ ಕೊಯ್ಯುವುದನ್ನು ಕಲಿಸಿದೆ. ಮಾಲೂರಿನವನು ರೇಷ್ಮೆ ಎಳೆಯ ಅಂಟಿನ ಮೇಲೆ ಡಾಕ್ಟರೇಟು ಮಾಡಿದವನು. ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿಗೆ ಸೌದೆ ಹಾಕಿಸುವ ಮೇಲ್ವಿಚಾರಕನಾದ. ಅಲ್ಲಿ ಅವನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು, ಕೈ ಸುಟ್ಟುಕೊಂಡವರು ಮುಲಾಮು ಕೇಳಿಕೊಂಡು ಅವನ ಬಳಿ ಬರುತ್ತಿದ್ದರು. ಅವನು ಒಂದು ಡಬ್ಬಿ ಮುಲಾಮು ತಂದಿಟ್ಟುಕೊಂಡ. ಶ್ರೀನಿವಾಸಪುರದವನು ಮಾವನ ಮಾವಿನಹಣ್ಣಿನ ಮಂಡಿಯಲ್ಲಿ ಕುಳಿತ. ಮಾವಿನ ಕಾಲದಲ್ಲಿ ಹರಾಜು ಕೂಗಿ ಕೂಗಿ ಅವನ ದನಿ ಒಡೆದುಹೋಗಿತ್ತು. ಬೇರೆ ಜಿಲ್ಲೆಗಳ ಫೆಲೋಗಳು ಎಲ್ಲೆಲ್ಲಿ ಹೋದರೆಂಬುದು ಮದುವೆ ಕರೆಯೋಲೆಗಳಿಂದ ತಿಳಿಯುತ್ತಿತ್ತು. ಒಬ್ಬ ವಿಮೆ ಏಜೆಂಟನಾದ, ಇನ್ನೊಬ್ಬ ಟೈಪಿಂಗ್ ಇನ್‌ಸ್ಟಿಟ್ಯೂಟು ಇಟ್ಟ. ಒಬ್ಬಳು ಮದುವೆಯಾಗಿ ಉತ್ತರ ಭಾರತಕ್ಕೆ ಹೋದವಳು ಮತ್ತೆ ಏನೂ ತಿಳಿಸಲಿಲ್ಲ.

ನಮ್ಮೆಲ್ಲರಲ್ಲಿ ಬುದ್ಧಿವಂತ ಮುಳಬಾಗಿಲಿನವನು. ಅವನೊಬ್ಬ ಯಾವ ಕೆಲಸಕ್ಕೂ ಸೇರಲಿಲ್ಲ. ಮೊದಲು ದೂರದ ಜಿಲ್ಲೆಯ ಕಾಲೇಜಿನಿಂದ ಕರೆ ಬಂತು, ಜಿಲ್ಲೆ ಬಿಟ್ಟರೆ ಸರದಿ ತಪ್ಪುತ್ತದೆ ಎಂದ. ಬ್ಯಾಂಕಿನ ಪರೀಕ್ಷೆ ಕಟ್ಟಲಿಲ್ಲ. ಊರಿನ ಹೈಸ್ಕೂಲಿನವರು ಕರೆದಾಗ, ಒಮ್ಮೆ ಹೈಸ್ಕೂಲು ಮೇಷ್ಟ್ರಾದರೆ ಯೂನಿವರ್ಸಿಟಿಯವರು ಮೂಸಿ ನೋಡುವುದಿಲ್ಲ ಅಕ್ಕ, ಎಂದ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರಿಗೆ ಮನೆಯ ಜಗಲಿಯಲ್ಲಿ ಟ್ಯೂಷನ್ ಹೇಳಿಕೊಂಡಿದ್ದ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಂಸಾರ ಅವಳ ದುಡಿಮೆಯಲ್ಲಿ ನಡೆಯುತ್ತಿತ್ತು. ಆ ಸಲ ಅವನು ಮೊಟ್ಟೆ ತೆಗೆದುಕೊಂಡು ಹೊರಡುವಾಗ ಅವಳು ಹೇಳಿದ್ದನ್ನು ಅವನೇ ನನಗೆ ಹೇಳಿದ: ಕೆಲಸ ಆದರೆ ಹುಳದ ಜತೆ ಬೆಂಗಳೂರಿಗೆ ಬರ್ತೀನಿ, ಆಗದಿದ್ದರೆ ಹುಳ ಮತ್ತೆ ಈ ಮನೆಗೆ ತರಬೇಡಿ.

ಸರಿ, ಏಳು ಗಂಟೆ. ನಮ್ಮ ಯಜಮಾನರಿಗೆ ಫಾರ್ಮಲಿನ್ ವಾಸನೆಗೆ ಕಣ್ಣುರಿ. ಇಂಥ ಭಾನುವಾರ ಅವರು ವೇಮಗಲ್ಲಿನ ತಮ್ಮನ ಮನೆಗೆ ಹೋಗಿಬಿಡುತ್ತಿದ್ದರು. ಮಾಲೂರು, ಶ್ರೀನಿವಾಸಪುರ ಮೊದಲೇ ಬಂದಿದ್ದರು. ಮುಳಬಾಗಿಲಿನವನು ಮೊದಲ ಬಸ್ಸಿಗೆ ಬಂದ. ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬಿದಿರು ಬುಟ್ಟಿ. ಅದರಲ್ಲಿ ಮೊಟ್ಟೆ ಅಂಟಿದ ಕಾಗದಗಳು, ಒಂದೊಂದು ಕಾಗದದ ಜೊತೆಗೆ ಅದೇ ನಂಬರಿನ ಪೊಟ್ಟಣದಲ್ಲಿ ಅದರ ತಾಯಿ.

"ಏಮಿರಾ ಮದುವೆ ಗಂಡೇ," ಎಂದ ಶ್ರೀನಿವಾಸಪುರ, ತನ್ನೂರಿನ ತೆಲುಗು ಬೆರೆಸಿ. "ಹೆಣ್ಣಿನ ಕಡೆಯೋರ್ನೆಲ್ಲಾ ಬುಟ್ಟೀಲೇ ಹೊತ್ಕೊಂಡ್ ಬಂದಿದೀಯ?"

"ಮೊದ್ಲು ನೀನು ಕಾಲು ಅದ್ದಿದೀಯೇನ್ಲಾ? ಮಂಡಿ ಧೂಳೆಲ್ಲಾ ಇಲ್ಲೇ ಐತೆ."

"ಅವ್ನ ಕಾಲು ತೊಳ್ದ ನೀರಲ್ಲಿ ನಾಲ್ಕು ಹೆಂಚು ತಟ್ಟಬೌದು ಕಣೋ," ಎಂದ ಮಾಲೂರು.

ಬುಟ್ಟಿ ಬಿಚ್ಚಿದಾಗ ನಾನು ಸ್ವಲ್ಪ ಬೆರಗಾದೆ. ಯಾವತ್ತಿನ ಸರದಿಗಿಂತ ಕಾಗದಗಳು ಬಹಳ ಹೆಚ್ಚಿದ್ದವು.

"ಏನೋ ಇಷ್ಟೊಂದು?"

"ನಾಲ್ಕು ಕಾಗದ ಹಿಡ್ಕೊಂಡು ಹೋದ್ರೆ ಭಿಕ್ಷೆಗೆ ಬಂದಂಗಿರುತ್ತೆ ಅಕ್ಕ. ತಳಿ ಐತೆ, ಬಲವಾಗೈತೆ ಅಂತ ಕಾಣಬೇಕಲ್ಲ. ಈ ಸಲ ಜಾಸ್ತಿ ಸಾಕ್ದೆ."

"ಚೆನ್ನಾಗ್ ಬಂತಾ?"

"ಚಂದ್ರಿಕೆ ಮೇಲೆ ಒಂದು ಹುಳ ಬೀಳ್ಲಿಲ್ಲ." ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅದರ ಮೇಲೆ ಹುಳು ಸತ್ತು ಬೀಳಲಿಲ್ಲವೆಂದರೆ ಬೆಳೆ ಕೈಗೆ ಬಂದಂತೆ. ಅವನ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಗೆಲುವು ಇತ್ತು. ಸಂದರ್ಶನಕ್ಕೆಂದು ಕೋಲಾರದ ಪೇಟೆಯಲ್ಲಿ ಒಂದು ಟೆರಿಲಿನ್ ಅಂಗಿ ಹೊಲಿಯಲು ಹಾಕಿದ್ದ. ಸಂಜೆ ಅದನ್ನೂ ತೆಗೆದುಕೊಂಡು ಊರಿಗೆ ಹೋಗುವವನಿದ್ದ.

ಕೆಲಸ ಹಂಚಿದೆ. ಶ್ರೀನಿವಾಸಪುರ ಚಿಕ್ಕ ಪಿಂಗಾಣಿ ಕಲ್ಲಿನಲ್ಲಿ ಒಂದೊಂದು ಚಿಟ್ಟೆಯನ್ನು ಕ್ಷಾರದ ನೀರು ಹಾಕಿ ಅರೆಯಬೇಕು. ನಾನು ಒಂದು ಹನಿ ತೆಗೆದು ಗಾಜಿನ ಪಟ್ಟಿಗೆ ಹಾಕಿ ನಂಬರು ಬರೆಯಬೇಕು. ಮಾಲೂರು ನೋಡಬೇಕು. ಸಾಕಿದವನು ಎಂದಿನಂತೆ ಬೆನ್ನು ತಿರುಗಿಸಿ, ಹಿತ್ತಿಲ ಬಾಗಿಲಿಗೆ ಮುಖಮಾಡಿ ಮಣೆಯ ಮೇಲೆ ಕುಳಿತ. ನೋಡಕೂಡದು ಎನ್ನುವುದನ್ನು ನಾವು ಅಷ್ಟು ಗಟ್ಟಿಯಾಗಿ ಹಿಡಿದಿದ್ದೆವು. ಹಿಂದೆ ನನ್ನ ಸರದಿಯಲ್ಲಿ ನಾನೂ ಅದೇ ಮಣೆಯ ಮೇಲೆ ಅದೇ ಬಾಗಿಲನ್ನು ನೋಡುತ್ತ ಕುಳಿತದ್ದುಂಟು. ಬಾಗಿಲಾಚೆ ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು. ಒಂದೊಂದು ಎಲೆಯೂ ಪರಿಚಯವಾಗುವಷ್ಟು ಹೊತ್ತು ಕೂರಬೇಕು.

"ಶುದ್ಧ," ಎನ್ನುತ್ತಿದ್ದ ಮಾಲೂರು. ನಾನು ಗುರುತು ಹಾಕುತ್ತಿದ್ದೆ. "ಶುದ್ಧ. ಮುಂದಿಂದು ಕೊಡಿ."

"ಲೇ ಮುಳಬಾಗಿಲು, ಆಫೀಸರ್ ಆದ್ಮೇಲೆ ನಮಗೆಲ್ಲಾ ಏನ್ ಕೊಡಿಸ್ತೀಯ?" ಎಂದ ಶ್ರೀನಿವಾಸಪುರ, ಅರೆಯುತ್ತ.

"ನಿನ್ನ ಅಟೆಂಡರ್ ಮಾಡ್ಕೊಂತೀನಿ. ಅರೆಯೋ ಕೆಲ್ಸ ಚೆನ್ನಾಗ್ ಮಾಡ್ತೀಯ."

"ಪಿಎಚ್.ಡಿ. ಐತೆ ಸ್ವಾಮೀ ನಂಗೆ."

"ಅದನ್ನ ಯಾರಿಗೂ ಹೇಳ್ಬೇಡ. ಓದು ಜಾಸ್ತಿ ಅಂತ ಅಟೆಂಡರ್ ಕೆಲ್ಸಾನೂ ಕೊಡಲ್ಲ."

ನಾವೆಲ್ಲ ನಕ್ಕೆವು. ಮಾಲೂರು ಮಾತ್ರ ಕಣ್ಣು ಎತ್ತದೆಯೇ ನಕ್ಕ. ಒಂಬತ್ತರ ಸುಮಾರಿಗೆ ಚಹಾ ಮಾಡಿ ತಂದೆ. ಚಹಾ ಹಿತ್ತಿಲಲ್ಲೇ ಕುಡಿಯಬೇಕು, ಒಳಗೆ ಲೋಟ ತರುವಂತಿಲ್ಲ. ಕುಡಿದು, ಮತ್ತೆ ಕಾಲು ಅದ್ದಿ, ಮತ್ತೆ ಕುಳಿತೆವು.

ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಒಂದು ಗಾಜಿನ ಪಟ್ಟಿ ಕೊಟ್ಟೆ. ಮಾಲೂರು ಪಟ್ಟಿಯನ್ನು ಸ್ವಲ್ಪ ಸರಿಸಿದ, ಮತ್ತೆ ಸ್ವಲ್ಪ ಸರಿಸಿದ. ಶ್ರೀನಿವಾಸಪುರದವನ ಕೈ ನಿಂತಿತು. ಪಿಂಗಾಣಿ ಕಲ್ಲಿನ ಸದ್ದು ನಿಂತದ್ದೇ ಮುಳಬಾಗಿಲಿನವನ ಬೆನ್ನು ನೆಟ್ಟಗಾಯಿತು. ಆದರೆ ತಿರುಗಲಿಲ್ಲ.

"ಅಕ್ಕ, ನೀವೊಂದ್ಸಲ ನೋಡಿ," ಎಂದ ಮಾಲೂರು.

ನೋಡಿದೆ. ಚಿಟ್ಟೆಯ ರೆಕ್ಕೆಯ ಪುಡಿ, ಕೊಬ್ಬಿನ ಗುಳ್ಳೆಗಳ ನಡುವೆ ಅವು ಇದ್ದವು. ಆಕಾರ ನವಣೆ ಕಾಳಿನದು, ಅದಕ್ಕಿಂತ ತುಸು ನೀಳ, ಅಂಚು ದುಂಡು, ಒಳಗೆ ದೀಪ ಹಚ್ಚಿದಂಥ ಬಿಳುಪು. ನಿಂತಲ್ಲೇ ಅಲುಗುತ್ತಿದ್ದವು. ಪ್ರಯೋಗಾಲಯದಲ್ಲಿ ಮೊದಲ ವಾರ ಇವನ್ನು ಗುರುತಿಸಲು ಕಲಿಯುತ್ತೇವೆ. ಆಮೇಲೆ ಮರೆಯಲು ಸಾಧ್ಯವಿಲ್ಲ.

"ಇದೆ," ಎಂದೆ.

"ಎಷ್ಟಿವೆ ಅಕ್ಕ?" ಎಂದು ಮುಳಬಾಗಿಲಿನವನು ಬಾಗಿಲಿಗೇ ಕೇಳಿದ.

"ಬೇಕಾದಷ್ಟಿವೆ ಕಣೋ."

ಉಳಿದವನ್ನೂ ನೋಡಿದೆವು. ಒಂದು ಕಂಡಮೇಲೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ಕ್ರಮ ಎಂದರೆ ಕ್ರಮ. ಶುದ್ಧ, ಶುದ್ಧ, ಇದೆ, ಶುದ್ಧ, ಇದೆ. ಮಾಲೂರಿನ ದನಿ ಕಡೆಕಡೆಗೆ ನಮಗೇ ಕೇಳದಷ್ಟು ಇಳಿದಿತ್ತು. ಮುಗಿದಾಗ ಹೊರಗೆ ಬಿಸಿಲು ಏರಿತ್ತು.

ಮುಳಬಾಗಿಲಿನವನು ಈಗ ತಿರುಗಿ ಕುಳಿತ. "ಸೊಪ್ಪು ಸಾಲಲಿಲ್ಲ ಅಕ್ಕ," ಎಂದ. "ಕೊನೆ ಜ್ವರ ಎದ್ದ ಮೇಲೆ ಏನ್ ತಿಂತವೆ ಅಂತ ಗೊತ್ತಲ್ಲ ನಿಮ್ಗೆ. ಜಾಸ್ತಿ ಸಾಕಿದ್ನಲ್ಲ, ನಂ ತೋಟ ನಾಲ್ಕ್ ದಿನಕ್ಕೆ ಬರಿದಾಗೋಯ್ತು. ಪಕ್ಕದ ಹಳ್ಳೀಲಿ ಒಬ್ಬರ ಹತ್ರ ತಂದೆ."

ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ಕೊನೆಯದು ಕಳೆದ ಮೇಲೆ ಅದಕ್ಕೆ ಎಷ್ಟು ಸೊಪ್ಪೂ ಸಾಲದು. ಆದರೆ ಕೊಂಡ ಸೊಪ್ಪು ಎಂದರೇನೆಂದು ನಮ್ಮ ಕಡೆ ಎಳೆಯ ಮಕ್ಕಳಿಗೂ ಗೊತ್ತು. ಹುಳು ಚೆನ್ನಾಗಿರುವವನು ಸೊಪ್ಪು ಮಾರುವುದಿಲ್ಲ, ಅವನ ಹುಳುಗಳಿಗೇ ಸಾಲದು. ಹಂಗಾಮಿನ ನಡುವೆ ಸೊಪ್ಪು ಮಾರಾಟಕ್ಕಿದೆ ಎಂದರೆ ಆ ಮನೆಯಲ್ಲಿ ಹುಳು ಸತ್ತಿವೆ ಎಂದರ್ಥ. ಸತ್ತ ಹುಳುಗಳನ್ನು ಗೊಬ್ಬರದ ಜೊತೆ ಚೆಲ್ಲುವುದೂ ಅದೇ ತೋಟಕ್ಕೆ.

"ಗೊತ್ತಿದ್ದೂ ತಂದ್ಯೇನೋ?" ಎಂದ ಶ್ರೀನಿವಾಸಪುರ, ಮೆಲ್ಲಗೆ.

"ತೊಳ್ದೆ ಕಣೋ. ಬ್ಲೀಚಿಂಗ್ ಪೌಡರ್ ನೀರಲ್ಲಿ ಎರಡೆರಡು ಸಲ. ನೆರಳಲ್ಲಿ ಆರಿಸಿ ಹಾಕ್ದೆ. ನಂ ಪ್ರಮಾಣಾನೇ ಹಾಕಿದ್ದೆ."

ಅವನ ಪ್ರಮಾಣ. ನಿಜವಾಗಿ ಅವನದೇ. ಫೆಲೋ ಆಗಿದ್ದ ಮೊದಲ ವರ್ಷ ಸೊಪ್ಪಿನ ಮೇಲಿನ ರೋಗದ ಕಣ ಕೊಲ್ಲಲು ಎಷ್ಟು ಬ್ಲೀಚಿಂಗ್, ಎಷ್ಟು ಹೊತ್ತು ಎಂದು ಗೊತ್ತುಮಾಡಿದವನು ಅವನು. ಪ್ರಾಧ್ಯಾಪಕರು ಎಲ್ಲರ ಮುಂದೆ ಅವನ ಬೆನ್ನು ತಟ್ಟಿದ್ದರು. ಆದರೆ ಆ ಪ್ರಯೋಗದ ಸೊಪ್ಪು ಪ್ರಯೋಗಾಲಯದ ತೋಟದ್ದು, ನಲ್ಲಿಯ ನೀರಿನಲ್ಲಿ ಜಾಲಿಸಿ, ಮೇಲೆ ನಾವೇ ಕಣ ಸಿಂಪಡಿಸಿದ್ದು. ರೈತನ ತೋಟದ ಸೊಪ್ಪಿನಲ್ಲಿ ಧೂಳಿರುತ್ತದೆ, ಎಲೆಯ ಹಿಂಬದಿಗೆ ಒಣಗಿದ ಹಿಕ್ಕೆ ಅಂಟಿರುತ್ತದೆ, ಔಷಧಿಯ ಬಲವೆಲ್ಲ ಅದಕ್ಕೇ ಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಸೊಪ್ಪು ಮುಟ್ಟುತ್ತಿರಲಿಲ್ಲ. ಹುಳುಗಳನ್ನು ಅರ್ಧ ಹೊಟ್ಟೆಯಲ್ಲಿಟ್ಟು ಚಿಕ್ಕ ಗೂಡಿಗೆ ತೃಪ್ತಿಪಡುತ್ತಿದ್ದರು. ತಾನು ಕಂಡುಹಿಡಿದದ್ದನ್ನು ನಂಬಿದ್ದರಿಂದ ಅವನು ಮುಟ್ಟಿದ.

ಶ್ರೀನಿವಾಸಪುರದವನೇ ಮೊದಲು ಅದನ್ನು ಬಾಯಿಬಿಟ್ಟು ಹೇಳಿದ. "ಶುದ್ಧ ಇರೋವು ಬೇಕಾದಷ್ಟಿವೆಯಲ್ಲ. ರೋಗ ಇರೋ ತಾಯಿ ಮೊಟ್ಟೆ ಸುಟ್ಟಾಕೋಣ. ಮಿಕ್ಕಿದ್ದು ತಗೊಂಡು ಹೋಗ್ಲಿ. ರೈತರಿಗೆ ಮೊಟ್ಟೆ ಮಾಡೋರು ಇಷ್ಟೇ ಮಾಡೋದು."

"ಅದು ರೈತರು ಒಂದ್ಸಲ ಸಾಕಿ ಗೂಡು ಮಾರೋಕೆ. ಇದು ತಳಿ," ಎಂದೆ.

"ಗೊತ್ತು ಅಕ್ಕ. ಒಂದು ಹನೀಲಿ ಕಾಣ್ಲಿಲ್ಲ ಅಂದ್ರೆ ಆ ಚಿಟ್ಟೇಲಿ ಇಲ್ಲ ಅಂತಲ್ಲ, ನಂಗೂ ಗೊತ್ತು. ಆದ್ರೆ ಗುರುವಾರ ಯಾರ್ ನೋಡ್ತಾರೆ? ಕೆಲ್ಸಕ್ಕೆ ಸೇರ್ಕೊಳ್ಲಿ, ಆಮೇಲೆ ಅವನೇ ಅಲ್ಲಿ ಕೂತು ಸರಿಮಾಡ್ಕೊಳ್ಲಿ."

"ನೀನೇನಂತೀಯೋ?" ಎಂದು ಮಾಲೂರನ್ನು ಕೇಳಿದೆ.

ಅವನು ಮೈಕ್ರೋಸ್ಕೋಪಿನ ಕನ್ನಡಿ ಒರೆಸುತ್ತಿದ್ದ. "ನಾನ್ ನೋಡಿದ್ದು ಹೇಳಿದೀನಿ. ಇನ್ನೊಬ್ರಿಗೆ ಹೇಳು ಅಂದ್ರೆ ಹೇಳ್ತೀನಿ. ಹೇಳ್ಬೇಡ ಅಂದ್ರೆ ಸುಮ್ಮನಿರ್ತೀನಿ," ಎಂದ.

ಅಂದರೆ ಮೂವರೂ ಅವನಿಗೇ ಬಿಟ್ಟೆವು. ನಾನೂ ಸೇರಿ. ಅವನು ಬುಟ್ಟಿ ಎತ್ತಿಕೊಂಡು ಹೊರಟಿದ್ದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತಿರಲಿಲ್ಲ.

"ನಾನೊಂದ್ಸಲ ನೋಡ್ಲಾ ಅಕ್ಕ?" ಎಂದ.

ಸಾಕಿದವನು ನೋಡಕೂಡದು ಎನ್ನುವುದು ಆ ದಿನ ಮೊದಲ ಸಲ ಮುರಿಯಿತು. ಅವನು ಬಂದು ಕುಳಿತ. ಬಹಳ ಹೊತ್ತು ನೋಡಿದ. ಒಂದು ಕೈ ತಾನಾಗಿ ಪಕ್ಕಕ್ಕೆ ಹೋಗಿ, ಪೆನ್ಸಿಲು ಹುಡುಕಿ, ಸಿಗದೆ ಮೇಜಿನ ಮೇಲೇ ನಿಂತಿತು.

"ಅದೇ," ಎಂದ. ಆಮೇಲೆ ಶ್ರೀನಿವಾಸಪುರದ ಕಡೆ ತಿರುಗಿ, "ಇದನ್ನ ತಗೊಂಡೋದ್ರೆ ಕೆಲ್ಸ ಸಿಗುತ್ತೆ. ಎರಡು ಸರದಿ ಸಾಕೋದ್ರೊಳಗೆ ಅಲ್ಲಿರೋ ತಟ್ಟೆ, ಚಂದ್ರಿಕೆ, ಬೇರೆ ತಳಿ, ಎಲ್ಲಾದ್ಕೂ ಹತ್ತುತ್ತೆ. ಆಗ ಅಲ್ಲಿ ಮೈಕ್ರೋಸ್ಕೋಪು ನೋಡ್ಬೇಕಾದೋನೂ ನಾನೇ," ಎಂದ.

"ಪೋನೀಲೇರಾ," ಎಂದ ಶ್ರೀನಿವಾಸಪುರ. ಹೋಗಲಿ ಬಿಡು ಎಂದು. ಅವನ ಒಡೆದ ದನಿಯಲ್ಲಿ ಅದು ಸರಿಯಾಗಿ ಹೊರಡಲಿಲ್ಲ.

"ಅಕ್ಕ, ಬೆಂಕಿಪೊಟ್ಟಣ ಕೊಡಿ."

ಒಗೆಯುವ ಕಲ್ಲಿನ ಪಕ್ಕದಲ್ಲಿ ಗುಂಡಿ ತೋಡಿದೆವು. ಮೊಟ್ಟೆ ಕಾಗದ, ಪೊಟ್ಟಣ, ಅರೆದ ಚಿಟ್ಟೆ, ಒದ್ದೆ ಬಟ್ಟೆ, ಕೊನೆಗೆ ಬುಟ್ಟಿ. ಮೇಲೆ ಸೀಮೆಎಣ್ಣೆ. ಅವನು ಕಡ್ಡಿ ಗೀರಿದ. ಮೊಟ್ಟೆ ಸುಡುವಾಗ ಸಣ್ಣಗೆ ಚಟಪಟ ಎನ್ನುತ್ತವೆ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನ್ರೀ ಅದು ವಾಸನೆ?" ಎಂದು ಕೇಳಿದರು. "ಕಸ," ಎಂದೆ. ತಳಿ ಆಗ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ನಮ್ಮ ನಿಯಮದ ಪ್ರಕಾರ ಇರುವಂತೆಯೂ ಇರಲಿಲ್ಲ. ಬೂದಿ ಮುಚ್ಚಿದ ಮೇಲೆ ಅಂಥ ಹುಳು ಎಲ್ಲಿಯೂ ಇಲ್ಲ.

ಅವನು ಗುರುವಾರ ಬೆಂಗಳೂರಿಗೆ ಹೋದ. ತಳಿ ಎಲ್ಲಿ ಎಂದು ಕೇಳಿದರಂತೆ. ಗಂಟುರೋಗ ಕಂಡಿತು, ಸುಟ್ಟೆವು ಎಂದನಂತೆ. ಕುಳಿತಿದ್ದವರಲ್ಲಿ ಒಬ್ಬರು, ಒಳ್ಳೆ ಕೆಲಸ ಮಾಡಿದಿರಿ ಎಂದರಂತೆ. ಕೆಲಸ ಬೇರೆಯವರಿಗೆ ಹೋಯಿತು. ಮುಖ್ಯಸ್ಥರು ಹೊರಗೆ ಬಂದು, ಕಾರಣ ಇಲ್ಲದೆ ಹೇಗೆ ಕೊಡಲಿ ಹೇಳಿ, ಎಂದು ಅವನನ್ನೇ ಕೇಳಿದರಂತೆ. ಅವನಿಗೂ ಅದು ಸರಿ ಎನಿಸಿತು. ಹೊಸ ಯೋಜನೆ ಹೊರಗಿನಿಂದ ತಂದ ತಳಿಗಳೊಂದಿಗೆ ನಡೆಯಿತು. ಹೈಸ್ಕೂಲಿನ ಜಾಗ ಎಷ್ಟೋ ಹಿಂದೆಯೇ ತುಂಬಿತ್ತು. ಮರುವರ್ಷ ಮಾಲೂರಿನವನು ಅವನನ್ನು ತನ್ನ ಹೆಂಚಿನ ಕಾರ್ಖಾನೆಗೆ ಸೇರಿಸಿದ, ಲಾರಿಗೆ ಹೆಂಚು ತುಂಬಿಸಿ ಚೀಟಿ ಕೊಡುವ ಕೆಲಸ. ಇಬ್ಬರು ಡಾಕ್ಟರೇಟುಗಳಿರುವ ಹೆಂಚಿನ ಕಾರ್ಖಾನೆ ದೇಶದಲ್ಲೇ ನಮ್ಮದೊಂದು ಎಂದು ಮಾಲೂರಿನವನು ಕೆಲವು ದಿನ ಹೇಳಿಕೊಂಡು ತಿರುಗಿದ, ಆಮೇಲೆ ಅದನ್ನೂ ಬಿಟ್ಟ. ನಾವು ನಾಲ್ವರು ಮತ್ತೆ ಒಟ್ಟಿಗೆ ಸೇರಲಿಲ್ಲ. ಜಗಳವೇನಿಲ್ಲ. ಸೇರಲು ಕಾರಣವಿರಲಿಲ್ಲ. ವಾರದಲ್ಲಿ ಭಾನುವಾರ ಎಂಬುದೊಂದಿದೆ ಎಂದು ನನಗೆ ತಿಳಿದದ್ದು ಆಮೇಲೆಯೇ, ಅದರಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅದು ಮುಂದಿನದು. ಆ ದಿನದ ಕೆಲಸ ಇನ್ನೂ ಮುಗಿದಿರಲಿಲ್ಲ. ರೋಗ ಕಂಡ ದಿನ ತೊಳೆಯುವುದು ಎಂದಿಗಿಂತ ಹೆಚ್ಚು. ಯಾರೂ ಮನೆಗೆ ಹೋಗುತ್ತೇನೆ ಎನ್ನಲಿಲ್ಲ. ಶ್ರೀನಿವಾಸಪುರ ನೆಲಕ್ಕೆ, ಗೋಡೆಗೆ ಫಾರ್ಮಲಿನ್ ಹೊಡೆದ. ಮುಳಬಾಗಿಲು ಪಿಂಗಾಣಿ ಕಲ್ಲು, ಗಾಜಿನ ಪಟ್ಟಿಗಳನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿದ. ತನ್ನ ಮನೆಯ ತಟ್ಟೆ, ಚಂದ್ರಿಕೆಗಳನ್ನು ತೊಳೆಯಲು ಎಷ್ಟು ಬ್ಲೀಚಿಂಗ್ ಬೇಕಾದೀತು ಎಂದು ನನ್ನನ್ನು ಕೇಳಿದ. ತೊಳೀಬೇಡ, ಸುಟ್ಟುಬಿಡು ಎಂದೆ. ತಲೆಯಾಡಿಸಿದ.

ಸಂಜೆ ಮಾಲೂರು ಎಲ್ಲಿಗೋ ಹೋಗಿ ಬಂದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಅಂಗಿ.

"ದರ್ಜಿ ಅಂಗಡಿ ಮುಚ್ತಿದ್ದ, ತಂದ್ಬಿಟ್ಟೆ," ಎಂದ. "ತೊಟ್ಟು ನೋಡೋ."

"ಸರಿ ಇರುತ್ತೆ ಬಿಡು."

"ತೊಟ್ಟು ನೋಡೋ ಅಂದ್ರೆ. ಉದ್ದ ಗಿದ್ದ ಇದ್ರೆ ಅಕ್ಕ ಮಡಿಚಿ ಕೊಡ್ತಾರೆ."

ತೊಟ್ಟ. ತೋಳು ಸ್ವಲ್ಪ ಉದ್ದವಾಗಿತ್ತು. ಬಿಚ್ಚಿಸಿ, ಸೂಜಿ ದಾರ ತಂದು ಒಳಕ್ಕೆ ಮಡಿಚಿ ಹೊಲಿದೆ. ಅವನು ಅದನ್ನು ಮತ್ತೆ ಅದೇ ಕಾಗದದಲ್ಲಿ ಸುತ್ತಿಕೊಂಡ. ಮೂವರೂ ಒಟ್ಟಿಗೆ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಬಾಗಿಲಲ್ಲಿ ಎಂದಿನಂತೆ ಬ್ಲೀಚಿಂಗ್ ತಟ್ಟೆಯಲ್ಲಿ ಕಾಲು ಅದ್ದಿಯೇ ಹೊರಗೆ ಕಾಲಿಟ್ಟರು.

ನಾನು ತಟ್ಟೆಯ ನೀರನ್ನು ಮೋರಿಗೆ ಚೆಲ್ಲಿದೆ. ತಟ್ಟೆಯನ್ನು ಬೋರಲು ಹಾಕಿದೆ. ಗಾಜಿನ ಪಟ್ಟಿಗಳನ್ನು ಒರೆಸಿ ಡಬ್ಬಿಗೆ ಹಾಕಿದೆ. ಮೈಕ್ರೋಸ್ಕೋಪನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಅಲುಗದಂತೆ ಬಟ್ಟೆ ತುರುಕಿ, ಬೆಳಗ್ಗೆ ಕಾಲೇಜಿಗೆ ಒಯ್ಯಲು ಬಾಗಿಲ ಪಕ್ಕದಲ್ಲಿ ಇಟ್ಟೆ.